ನಮ್ಮ ಭಾಗದಲ್ಲಿ ಕರೆಂಟಿನ ಕೆಲಸ: ಲೈಸೆನ್ಸು, ಮೇಲ್ವಿಚಾರಣೆ ಮತ್ತು ಗಿರಾಕಿ



ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಬೀಜ, ಗೊಬ್ಬರದ ವಿಷಯ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ಬೇರೊಂದು ವಿಷಯ ಹಿಡಿದುಕೊಂಡಿದ್ದೇನೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಲ್ಲಿ ಇವತ್ತು ಕರೆಂಟು ಇಲ್ಲದ ಮನೆ ಸಿಗುವುದು ಕಷ್ಟ. ಆದರೆ ಕಂಬದಿಂದ ಈಚೆಗೆ, ಅಂದರೆ ನಮ್ಮ ಮನೆಯೊಳಗೆ ಮತ್ತು ಬಾವಿಯ ಮೇಲೆ ವೈರಿಂಗ್ ಯಾರು ಮಾಡಬೇಕು, ಅದನ್ನು ಯಾರು ನಿಂತು ನೋಡಬೇಕು, ಗಿರಾಕಿಯಾದ ನಾವು ಏನು ಕೇಳಬೇಕು ಅನ್ನುವುದು ಬಹಳ ಮಂದಿಗೆ ತಿಳಿದಿಲ್ಲ. ಯಾಕೆ ತಿಳಿದಿಲ್ಲ ಅನ್ನುವುದಕ್ಕೂ ಒಂದು ಇತಿಹಾಸ ಇದೆ.

ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದವು. ಆಗ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ನಮ್ಮ ಹಳ್ಳಿಗಳಿಗೆ ಚಿಮಣಿ ಮತ್ತು ಕಂದೀಲೇ ಗತಿ. 1948ರ ಸೆಪ್ಟೆಂಬರ್ 17ರಂದು ವಿಮೋಚನೆ ಆಯಿತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಮರುವರ್ಷ 1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಬಂದ ಮೇಲೆ ಹಳ್ಳಿಗಳಿಗೆ ಲೈನ್ ಎಳೆಯುವ ಕೆಲಸಕ್ಕೆ ವೇಗ ಸಿಕ್ಕಿತು.

ನಾವು ಮೈಸೂರಿಗೆ ಸೇರಿದ ಅದೇ 1956ರಲ್ಲಿ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಜಾರಿಗೆ ಬಂದವು. ಅದರ 45ನೇ ನಿಯಮ ಪ್ರತಿಯೊಬ್ಬ ರೈತ ತಿಳಿದಿರಬೇಕಾದದ್ದು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣ ಕೆಲಸ ಬಿಟ್ಟರೆ ಉಳಿದ ಯಾವ ವೈರಿಂಗ್ ಕೆಲಸಕ್ಕೂ ಮೂರು ಕೈ ಬೇಕು ಅಂತ ಅದು ಹೇಳಿತು. ಒಂದು, ಸರ್ಕಾರದ ಲೈಸೆನ್ಸ್ ಇರುವ ಗುತ್ತೇದಾರ. ಎರಡು, ಅರ್ಹತಾ ಪತ್ರ ಪಡೆದ ಸೂಪರ್‌ವೈಸರನ ನೇರ ಮೇಲ್ವಿಚಾರಣೆ. ಮೂರು, ಪರ್ಮಿಟ್ ಇರುವ ವೈರ್‌ಮನ್. ಹೀಗಲ್ಲದೆ ಮಾಡಿದ ಕೆಲಸಕ್ಕೆ ಕರೆಂಟು ಕೊಡಲೇಬಾರದು ಎಂದೂ ಅದೇ ನಿಯಮದಲ್ಲಿತ್ತು.

ನಮ್ಮ ಭಾಗದಲ್ಲಿ ಗುತ್ತೇದಾರ ಅಂದರೆ ಹಿಂದಿನವರಿಗೆ ಸೇಂದಿ ಗುತ್ತಿಗೆ ಹಿಡಿದವರ ನೆನಪು. ಅಲ್ಲಿ ಗುತ್ತಿಗೆ ಎಂದರೆ ಹರಾಜಿನಲ್ಲಿ ಹಣ ಕಟ್ಟಿ ಹಿಡಿದ ಹಕ್ಕು. ಕರೆಂಟಿನ ಲೈಸೆನ್ಸು ಹಂಗಲ್ಲ. ಅದು ಹಕ್ಕಿಗಿಂತ ಹೆಚ್ಚಾಗಿ ಹೊಣೆ. ಸೂಪರ್‌ವೈಸರ್ ಮತ್ತು ವೈರ್‌ಮನ್ ತಮ್ಮ ವಿದ್ಯೆ ತೋರಿಸಿಯೇ ಪತ್ರ ಪಡೆಯಬೇಕು. ಇದನ್ನೆಲ್ಲ ನೋಡಿಕೊಳ್ಳಲಿಕ್ಕೆ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಎಂಬ ಬೇರೆಯೇ ಇಲಾಖೆ ಇದೆ. ಕರೆಂಟು ಮಾರುವವರು ಬೇರೆ, ಸುರಕ್ಷತೆ ನೋಡುವವರು ಬೇರೆ.

ಹಾಗಾದರೆ ಎಲ್ಲಿ ತಪ್ಪಿತು? ನನ್ನ ತಿಳಿವಳಿಕೆಯಲ್ಲಿ ಮೂರು ಕೈಗಳಲ್ಲಿ ನಡುವಿನ ಕೈ ಸಡಿಲಾಯಿತು. 1970ರ ದಶಕದ ಕೊನೆಗೆ ಭಾಗ್ಯಜ್ಯೋತಿ ಯೋಜನೆ ಬಂದು ಬಡವರ ಮನೆಗೆ ಒಂದು ದೀಪ ಹತ್ತಿತು. ದೊಡ್ಡ ಪುಣ್ಯದ ಕೆಲಸ ಅದು. ಒಂದು ಬಲ್ಬಿನ ವೈರಿಗೆ ಯಾರ ಮೇಲ್ವಿಚಾರಣೆ ಅಂತ ಮಂದಿ ಅಂದುಕೊಂಡರು. ಮುಂದೆ ಅದೇ ವೈರಿಗೆ ಫ್ಯಾನು, ಟಿ.ವಿ., ಮಿಕ್ಸರ್, ನೀರೆತ್ತುವ ಮೋಟಾರು ಜೋಡಿಸಿದರು. ವೈರು ಮಾತ್ರ ಅಷ್ಟೇ ಸಣ್ಣದು ಉಳಿಯಿತು. ಇನ್ನೊಂದು ಕಡೆ ಅಫಜಲಪುರದ ಭೀಮಾ ದಂಡೆಯಲ್ಲಿ, ಆಳಂದದ ಬಾವಿಗಳ ಮೇಲೆ ಪಂಪ್‌ಸೆಟ್ಟುಗಳು ಒಂದರ ಹಿಂದೆ ಒಂದು ಬಂದವು. ಕೆಲಸ ಬೆಳೆಯಿತು, ಲೈಸೆನ್ಸ್ ಇದ್ದವರು ಪಟ್ಟಣದಲ್ಲಿ, ಕೆಲಸ ಹಳ್ಳಿಯಲ್ಲಿ. ಆಗ ಊರಿನ ಹುಡುಗನೇ ಕಣ್ಣಳತೆಯಲ್ಲಿ ವೈರಿಂಗ್ ಮಾಡೋದು, ಲೈಸೆನ್ಸ್‌ದಾರ ಕಾಗದಕ್ಕೆ ಸಹಿ ಹಾಕಿ ಕೊಡೋದು ಎಂಬ ರೂಢಿ ಹಲವು ಕಡೆ ಬೇರೂರಿತು. ಮೇಲ್ವಿಚಾರಣೆ ಹೋಗಿ ಸಹಿ ಉಳಿಯಿತು.

ಇದರ ಪರಿಣಾಮ ನಮ್ಮ ಮಣ್ಣಿನಲ್ಲಿ, ನಮ್ಮ ಮನೆಗಳಲ್ಲಿ ಹೆಚ್ಚು. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅರ್ಥಿಂಗ್ ಪೈಪಿನ ಸುತ್ತ ಮಣ್ಣು ಒಣಗಿ ಬಿಟ್ಟುಕೊಂಡರೆ ಪೈಪು ಇದ್ದೂ ಇಲ್ಲದಂತೆ. ಭೂಸಂಪರ್ಕದ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 3043 ಪ್ರಕಾರ ಪೈಪು ಕನಿಷ್ಠ 2.5 ಮೀಟರ್ ಉದ್ದ ಇರಬೇಕು. ಸುತ್ತ ಇದ್ದಿಲು, ಉಪ್ಪು ಹಾಕಿ, ಬೇಸಿಗೆಯಲ್ಲಿ ನೀರು ಹೊಯ್ಯಬೇಕು. ಎರಡಡಿ ಸಲಾಕಿ ಬಡಿದು ‘ಅರ್ಥ್ ಆಯ್ತು’ ಅಂದರೆ ಅದು ಅರ್ಥಿಂಗ್ ಅಲ್ಲ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಮಳೆಗಾಲಕ್ಕೆ ಮಣ್ಣು ತೊಯ್ದು ಗೋಡೆಗೆ ತಂಪು ಹಿಡಿಯುತ್ತದೆ. ವೈರಿನ ಮೇಲಿನ ರಬ್ಬರು ಇಲಿ ಕಡಿದಿದ್ದರೆ ಗೋಡೆಯೇ ಹೊಡೆಯುತ್ತದೆ. ಪತ್ರಾಸಿನ ಮನೆಯಲ್ಲಿ ಒಂದು ವೈರು ಪತ್ರಾಕ್ಕೆ ತಾಗಿದರೆ ಅದಕ್ಕೆ ಕಟ್ಟಿದ ಬಟ್ಟೆ ಒಣಹಾಕುವ ತಂತಿಗೂ ಕರೆಂಟು ಬರುತ್ತದೆ. ಆ ತಂತಿ ಮುಟ್ಟುವವರು ನಮ್ಮ ಮನೆಯ ಹೆಣ್ಣುಮಕ್ಕಳು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಹಾಗೆ ನೀರು ಹೊಕ್ಕ ಬೋರ್ಡು, ಸ್ಟಾರ್ಟರುಗಳನ್ನು ಒಣಗಿಸಿ, ಪರೀಕ್ಷೆ ಮಾಡಿಸದೆ ಚಾಲೂ ಮಾಡುವುದು ಜೀವದ ಜೊತೆ ಜೂಜಾಡಿದಂತೆ.

ಪರೀಕ್ಷೆ ಅಂದರೆ ಬಲ್ಬು ಹತ್ತಿತೋ ಇಲ್ಲವೋ ನೋಡುವುದಲ್ಲ. ಕೆಟ್ಟ ವೈರಿಂಗಿನಲ್ಲೂ ಬಲ್ಬು ಹತ್ತುತ್ತದೆ! ಮೆಗ್ಗರ್ ಎಂಬ ಯಂತ್ರದಿಂದ ವೈರಿಗೂ ಭೂಮಿಗೂ ನಡುವೆ 500 ವೋಲ್ಟ್ ಒಂದು ನಿಮಿಷ ಕೊಟ್ಟು ನೋಡಬೇಕು. ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಸ್ವಿಚ್ಚು ಫೇಸ್ ವೈರಿನ ಮೇಲೆ ಇದೆಯೋ ನ್ಯೂಟ್ರಲ್ ಮೇಲೆ ಇದೆಯೋ ನೋಡಬೇಕು. ನ್ಯೂಟ್ರಲ್ ಮೇಲೆ ಇದ್ದರೆ ಸ್ವಿಚ್ಚು ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಇದನ್ನು ನಿಂತು ಮಾಡಿಸುವುದೇ ಸೂಪರ್‌ವೈಸರನ ಕೆಲಸ.

ಕಾನೂನು ಬದಲಾಗಿಲ್ಲವೇ ಎಂದು ಕೇಳಬಹುದು. ಹೆಸರುಗಳು ಬಹಳ ಬದಲಾದವು. ಕೆ.ಇ.ಬಿ. ಹೋಗಿ 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಬಂತು, 2002ರಲ್ಲಿ ನಮ್ಮ ಭಾಗಕ್ಕೆ ಜೆಸ್ಕಾಂ ಬಂತು. 1910ರ ಕಾಯ್ದೆ ಹೋಗಿ 2003ರ ವಿದ್ಯುಚ್ಛಕ್ತಿ ಕಾಯ್ದೆ ಬಂತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊಸ ಸುರಕ್ಷತಾ ವಿನಿಯಮ ಮಾಡಿತು, 2023ರಲ್ಲಿ ಮತ್ತೆ ಪರಿಷ್ಕರಿಸಿತು. ಆದರೆ ಆ ಮೂರು ಕೈಗಳ ಮಾತು ಮಾತ್ರ ಹಂಗೇ ಉಳಿದಿದೆ. ಅಂದರೆ ಅದು ಎಷ್ಟು ಮುಖ್ಯ ಎಂದು ತಿಳಿಯಬೇಕು.

ಗುತ್ತೇದಾರರಿಗೂ ಎರಡು ಮಾತು. ಕೆಲಸಕ್ಕೆ ಮೊದಲು ಅಂದಾಜು ಪಟ್ಟಿ ಬರೆದು ಕೊಡಿರಿ. ಐ.ಎಸ್.ಐ. ಗುರುತಿನ ವೈರು ಎಂದು ಹೇಳಿ ಬೇರೆ ವೈರು ಹಾಕಬೇಡಿರಿ. ಗೋಡೆ ಕೊರೆದು ಅರ್ಧಕ್ಕೆ ಬಿಟ್ಟು ಮತ್ತೊಂದು ಊರಿಗೆ ಹೋಗಬೇಡಿರಿ. ಗಿರಾಕಿ ಏನಾದರೂ ಕೇಳಿದರೆ ‘ನಿಮಗೇನು ತಿಳಿತದ್ರೀ’ ಅನ್ನಬೇಡಿರಿ. ಕೆಲಸ ಮುಗಿದ ಮೇಲೆ ಮನೆಯ ಹೆಣ್ಣುಮಕ್ಕಳನ್ನೂ ಕರೆದು ಮೇನ್ ಸ್ವಿಚ್ ಎಲ್ಲಿದೆ, ಹ್ಯಾಂಗ ಆರಿಸಬೇಕು ಎಂದು ತೋರಿಸಿರಿ. ಬಿಲ್ಲು ಮತ್ತು ಪರೀಕ್ಷಾ ವರದಿಯ ನಕಲು ಕೊಡಿರಿ.

ಗಿರಾಕಿಗಳಾದ ನಾವೂ ಸರಿ ನಡೆಯಬೇಕು. ಬಂಗಾರಕ್ಕೆ ಚೌಕಾಶಿ ಮಾಡದವರು ಅರ್ಥ್ ವೈರಿಗೆ ಚೌಕಾಶಿ ಮಾಡುತ್ತೇವೆ. ‘ಅದೊಂದು ಬಿಡ್ರಿ, ಖರ್ಚು ಕಮ್ಮಿ ಆಗ್ತದ’ ಅಂತ ನಾವೇ ಹೇಳಿದರೆ ತಪ್ಪು ಯಾರದು? ಕೂಲಿಯನ್ನು ಸುಗ್ಗಿಗೆ ಕೊಡುತ್ತೇನೆ ಎಂದು ತಿರುಗಾಡಿಸುವುದೂ ಸರಿಯಲ್ಲ. ಊರಿನ ವೈರ್‌ಮನ್ ಹುಡುಗರನ್ನು ನಾನು ದೂರುವುದಿಲ್ಲ. ಮೊದಲು ಹೊಡೆತ ತಿನ್ನುವವರು ಅವರೇ. ಅವರಿಗೆ ಪರ್ಮಿಟ್ ಪರೀಕ್ಷೆ ಕಟ್ಟಿಸಬೇಕು, ಅವರ ತಲೆಯ ಮೇಲೆ ಬಲ್ಲವನ ಕಣ್ಣು ಇರಬೇಕು. ಮೇಲ್ವಿಚಾರಣೆ ಅವರ ಜೀವವನ್ನೂ ಕಾಯುತ್ತದೆ.

ಸಹಕಾರಿಗಳಿಗೆ ಇದು ಹೊರಗಿನ ವಿಷಯ ಅಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲೇ ರೈತರು ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿ ವಿದ್ಯುತ್ ಹಂಚುವ ಕೆಲಸವನ್ನೇ ಹೊತ್ತರು. ನಾವು ಅಷ್ಟು ದೊಡ್ಡದು ಮಾಡದಿದ್ದರೂ ಸಣ್ಣದೊಂದು ಮಾಡಬಹುದು. ನಿರ್ದೇಶಕನಾಗಿ ನನ್ನ ಸೂಚನೆ ಇಷ್ಟೇ: ಪಂಪ್‌ಸೆಟ್ಟಿಗೆ, ಮನೆಗೆ ಸಂಘದಿಂದ ಸಾಲ ಕೊಡುವಾಗ ಕೊನೆಯ ಕಂತನ್ನು ಪರೀಕ್ಷಾ ವರದಿಯ ನಕಲು ನೋಡಿಯೇ ಬಿಡುಗಡೆ ಮಾಡೋಣ. ಸಹಿ ಮಾಡಿದ ಸೂಪರ್‌ವೈಸರ್ ಕೆಲಸದ ಜಾಗಕ್ಕೆ ಬಂದಿದ್ದರೇ ಎಂದು ಸದಸ್ಯನನ್ನು ಒಂದು ಮಾತು ಕೇಳೋಣ. ಸಾಲಕ್ಕೆ ಜಾಮೀನು ಕೇಳುವ ನಾವು, ಸದಸ್ಯನ ಜೀವಕ್ಕೂ ಅಷ್ಟು ಜಾಮೀನು ಕೇಳುವುದರಲ್ಲಿ ತಪ್ಪಿಲ್ಲ. ಬರುವ ಸರ್ವಸದಸ್ಯರ ಸಭೆಯಲ್ಲಿ ಇದನ್ನು ಚರ್ಚೆಗೆ ಇಡಬೇಕೆಂದು ಕೋರುತ್ತೇನೆ.

ಜೈ ಸಹಕಾರ.