ಕರಿನೀರಿನ ಶಿಕ್ಷೆ: ಬಾಗಲಕೋಟೆ ಸೀಮೆಯ ವಂಶಶೋಧ

ಕರಿನೀರಿನ ಶಿಕ್ಷೆ: ಅಪರಾಧಿಯೆಂದು ತೀರ್ಪಾದವರನ್ನು ಸಮುದ್ರದಾಚೆಯ ವಸಾಹತಿಗೆ ಸಾಗಿಸಿ ಅಲ್ಲಿ ದುಡಿಸಿಕೊಳ್ಳುತ್ತಿದ್ದ ಬ್ರಿಟಿಷ್ ಕಾಲದ ದಂಡನೆ. ಕಾಲಾಪಾನಿ, ದ್ವೀಪಾಂತರ ಶಿಕ್ಷೆ ಎಂದೂ ಕರೆಯುತ್ತಾರೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ಬಾದಾಮಿ, ಬಾಗಲಕೋಟೆ, ಹುನಗುಂದದ ಸೀಮೆ ಕಂಪನಿ ಸರ್ಕಾರದ ಕೈಸೇರಿತು. ಆಗಿನಿಂದ ಇಳಕಲ್ಲು, ರಾಮಥಾಳದಂಥ ಊರುಗಳ ಜನರ ಮೇಲೂ ಈ ದಂಡನೆಯ ಭಯ ಕವಿಯಿತು. ಹೀಗೆ ಹೋದ ಹಿರಿಯನ ಜಾಡು ಹಿಡಿಯುವುದು ವಂಶಶೋಧದಲ್ಲಿ ಅತಿ ಕಷ್ಟದ ಕೆಲಸ.

ಈ ಸೀಮೆಯ ಹೆಸರಾದ ಪ್ರಕರಣ ಬಾದಾಮಿಯದು. 1840-41ರ ಸುಮಾರಿಗೆ ನರಸಿಂಗ ದತ್ತಾತ್ರೇಯ ಪೇಟಕರ ಎಂಬ ಅಂಧ ಬ್ರಾಹ್ಮಣ, ನಿಜಾಮರ ಸೀಮೆಯಿಂದ 125 ಮಂದಿ ಅರಬರನ್ನು ಕಟ್ಟಿಕೊಂಡು ಬಂದು ಬಾದಾಮಿಯನ್ನು ವಶಪಡಿಸಿಕೊಂಡ. ಬಾವುಟ ಹಾರಿಸಿ, ಸರ್ಕಾರಿ ಖಜಾನೆಯನ್ನೂ ಪೇಟೆಯನ್ನೂ ಸೂರೆ ಮಾಡಿದ. ಧಾರವಾಡದಿಂದ ಬಂದ ಪಡೆ ಅವನನ್ನು ಸೆರೆಹಿಡಿಯಿತು. ವಿಚಾರಣೆಯಲ್ಲಿ ಆಜೀವ ಕರಿನೀರಿನ ಶಿಕ್ಷೆಯಾಯಿತು. ವಿಜಾಪುರ ಜಿಲ್ಲೆಯ ಹಳೆಯ ಗೆಜೆಟಿಯರ್ ಅವನ ಕಥೆಯನ್ನು ಈ ತೀರ್ಪಿಗೇ ಮುಗಿಸಿಬಿಡುತ್ತದೆ. ಕಣ್ಣಿಲ್ಲದೆಯೂ ಒಂದು ಕೋಟೆಯೂರನ್ನು ಗೆದ್ದವನಿಗೆ ಇಷ್ಟು ಸಣ್ಣ ಜಾಗ ಸಾಲದು.

1857ರ ಹಲಗಲಿಯ ಬಂಡಾಯದ ಗತಿ ಬೇರೆ. ಆಯುಧ ಒಪ್ಪಿಸಬೇಕೆಂಬ ಕಾನೂನನ್ನು ಧಿಕ್ಕರಿಸಿದ ಬೇಡರಲ್ಲಿ 19 ಮಂದಿಯನ್ನು ಆ ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಗಲ್ಲಿಗೇರಿಸಲಾಯಿತು. ಅವರ ಕಥೆಯನ್ನು ಲಾವಣಿಕಾರರು ಉಳಿಸಿದರು. ಬ್ರಿಟಿಷ್ ಅಧಿಕಾರಿ ಫ್ಲೀಟ್ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ. ಊರ ಮುಂದೆಯೇ ಸತ್ತವರಿಗೆ ಹಾಡು ದಕ್ಕಿತು. ಹಡಗು ಹತ್ತಿದವರಿಗೆ ಅದೂ ಅಪರೂಪ.

‘ನಮ್ಮ ಮುತ್ತಜ್ಜನ್ನ ಅಂಡಮಾನಕ್ಕ ಹಾಕಿದ್ರಂತ’ ಎಂಬ ಮಾತು ಮನೆಯಲ್ಲಿದ್ದರೆ ಮೊದಲು ಇಸವಿ ನೋಡಬೇಕು. ಅಲ್ಲಿನ ಪೋರ್ಟ್ ಬ್ಲೇರಿಗೆ ಕೈದಿ ನೆಲೆಯ ಮೇಲ್ವಿಚಾರಕ ಡಾ. ವಾಕರ್ ಮೊದಲ 200 ಕೈದಿಗಳೊಡನೆ ಬಂದಿಳಿದದ್ದು 1858ರ ಮಾರ್ಚ್ 10ರಂದು. ಅದಕ್ಕೂ ಹಿಂದಿನವನಾದರೆ ಹುಡುಕಬೇಕಾದ ದಿಕ್ಕು ಬೇರೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಕಾಲಕ್ಕೆ ಅಂಡಮಾನಿನಲ್ಲಿ ಕೈದಿಗಳ ನೆಲೆಯೇ ಇರಲಿಲ್ಲ. ಆಗ ಭಾರತದ ಕೈದಿಗಳು ಹೋಗುತ್ತಿದ್ದದ್ದು ಮಾರಿಷಸ್, ಪಿನಾಂಗ್, ಮಲಕ್ಕಾ, ಸಿಂಗಾಪುರಗಳಿಗೆ. 1836ರಲ್ಲಿ ಮಾರಿಷಸ್ಸಿಗೆ ಬಂದ ಚಾರ್ಲ್ಸ್ ಡಾರ್ವಿನ್ ಅಲ್ಲಿ ಸುಮಾರು 800 ಭಾರತೀಯ ಕೈದಿಗಳಿದ್ದಾರೆಂದು ಬರೆದ. ಸಿಂಗಾಪುರದ ರಸ್ತೆಗಳು, ಸೇಂಟ್ ಆಂಡ್ರೂಸ್ ಚರ್ಚು ಇಂಥವರ ಬೆವರಿನಿಂದಲೇ ಎದ್ದವು.

ಅಂಡಮಾನಿನಲ್ಲಿ ಕೈದಿಯ ಕೊರಳಿಗೆ ಮರದ ಬಿಲ್ಲೆ ತೂಗುಹಾಕುತ್ತಿದ್ದರು. ಅದರ ಮೇಲೆ ಕೈದಿಯ ಸಂಖ್ಯೆ, ಶಿಕ್ಷೆಯ ಕಲಮು, ತೀರ್ಪಿನ ತಾರೀಖು, ಬಿಡುಗಡೆಯ ತಾರೀಖು ಇರುತ್ತಿದ್ದವು. ಹೆಸರಿಗಿಂತ ಸಂಖ್ಯೆಯೇ ಗುರುತು. ವರ್ಷಗಟ್ಟಲೆ ನಡತೆ ಚೆನ್ನಾಗಿದ್ದವರು ಸ್ವಂತ ದುಡಿಮೆಗೆ ಅನುಮತಿ ಪಡೆದು, ಕೈದಿ ಹೆಂಗಸರನ್ನು ಮದುವೆಯಾಗಿ ಅಲ್ಲೇ ನೆಲೆಸಿದರು. ಜಾತಿ, ಸೀಮೆಗಳ ಗೆರೆ ಅಲ್ಲಿ ಅಳಿಸಿತು. ಮಕ್ಕಳ ಮಾತು ಹಿಂದುಸ್ತಾನಿಯಾಯಿತು. ಆದ್ದರಿಂದ ಅಲ್ಲಿನ ವಂಶಸ್ಥರಲ್ಲಿ ಕನ್ನಡದ ಅಡ್ಡಹೆಸರು ಉಳಿದಿರಲೇಬೇಕೆಂದು ನಿರೀಕ್ಷಿಸುವಂತಿಲ್ಲ.

ದಾಖಲೆ ಹುಡುಕುವವರು ಶಿಕ್ಷೆ ಕೊಟ್ಟ ಸರ್ಕಾರದ ಬೆನ್ನು ಹತ್ತಬೇಕು. ಈ ಸೀಮೆ ಮುಂಬಯಿ ಆಧಿಪತ್ಯದಲ್ಲಿದ್ದುದರಿಂದ ನ್ಯಾಯಾಂಗ ಇಲಾಖೆಯ ಹಳೆಯ ಸಂಪುಟಗಳಿರುವ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರವೇ ಮೊದಲ ಬಾಗಿಲು. ಜಿಲ್ಲೆಯ ಹೆಸರಿನಲ್ಲಿಯೂ ಎಡವಬಾರದು: ಈ ಸೀಮೆಯನ್ನು ಒಳಗೊಂಡ ಕಲಾದಗಿ ಜಿಲ್ಲೆ ಹುಟ್ಟಿದ್ದೇ 1864ರಲ್ಲಿ, ಅದಕ್ಕೂ ಹಿಂದಿನ ಕಾಗದಗಳನ್ನು ಧಾರವಾಡ, ಬೆಳಗಾವಿಗಳ ಹೆಸರಿನಲ್ಲಿ ನೋಡಬೇಕು. ಪೋರ್ಟ್ ಬ್ಲೇರಿನ ಆಡಳಿತ ಪತ್ರಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಇಂಗ್ಲಿಷ್ ಗುಮಾಸ್ತರು ಕಿವಿಗೆ ಬಿದ್ದಂತೆ ಹೆಸರು ಬರೆದಿದ್ದಾರೆ. ತಂದೆಯ ಹೆಸರು, ಜಾತಿ, ಊರು ಕೂಡಿಬಂದರೆ ಮಾತ್ರ ನಂಬಬೇಕು.

ಪತ್ರಾಗಾರಕ್ಕೂ ಮುಂಚೆ ಕೇಳಬೇಕಾದವರು ಹೆಳವರು. ಸುಗ್ಗಿ ಮುಗಿದ ಮೇಲೆ ಮನೆಬಾಗಿಲಿಗೆ ಬಂದು, ಕಾಳುಕಡಿ ಪಡೆದು, ಹೊತ್ತಿಗೆ ಬಿಚ್ಚಿ ತಲೆಮಾರುಗಳ ಹೆಸರು ಹೇಳುವ ಇವರ ವಂಶಾವಳಿಯಲ್ಲಿ, ಮನೆಯವರೇ ಮರೆತ ಅಣ್ಣತಮ್ಮಂದಿರ ಹೆಸರೂ ಸಿಕ್ಕೀತು. ಸಂತತಿಯಿಲ್ಲದೆ ನಿಂತ ಹೆಸರನ್ನು ಹೊಲದ ಹಳೆಯ ಉತಾರ, ವಾರಸಾ ನೋಂದಣಿಗಳೊಂದಿಗೆ ತಾಳೆ ನೋಡಬೇಕು.

ಭಾರತದ ಕಾನೂನಿನಿಂದ ಈ ಶಿಕ್ಷೆ ಹೊರಬಿದ್ದದ್ದು 1956ರ ಜನವರಿ 1ರಂದು. ಅದರ ಜಾಗಕ್ಕೆ ಜೀವಾವಧಿ ಸೆರೆವಾಸ ಬಂತು. ಮನೆಯಲ್ಲಿ ಇಂಥದೊಂದು ಹೆಸರನ್ನು ಬಲ್ಲ ಹಿರಿಯರಿದ್ದರೆ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಈಗಲೇ ಬರೆದಿಡಿ.