ವಾಲ್ವುಗಳ ಕಾಲನಿಯಮ: ಬದಲಿ ಕ್ಯಾಮ್ ಶಾಫ್ಟು ಸಾರ್ಥಕವೆ?

ಮೋಟಾರು ಎಂಜಿನಿನ ಅಂಗಗಳಲ್ಲಿ ಹೊರಗಿನ ಕಣ್ಣಿಗೆ ಬೀಳದೆ ಇದ್ದು, ಅದರ ಸ್ವಭಾವವನ್ನೆಲ್ಲ ಒಳಗಿನಿಂದಲೇ ನಿರ್ಣಯಿಸತಕ್ಕ ಅಂಗವೊಂದಿದ್ದರೆ ಅದು ಕ್ಯಾಮ್ ಶಾಫ್ಟು. ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ಸುತ್ತುವಷ್ಟರಲ್ಲಿ ತಾನು ಒಂದು ಸುತ್ತನ್ನು ಮುಗಿಸುವ ಈ ದಂಡದ ಮೈಮೇಲಿನ ಉಬ್ಬುಗಳು, ಹೊಸ ಗಾಳಿಯನ್ನು ಒಳಬಿಡುವ ವಾಲ್ವೂ ಸುಟ್ಟ ಹೊಗೆಯನ್ನು ಹೊರಬಿಡುವ ವಾಲ್ವೂ ಯಾವ ಕ್ಷಣದಲ್ಲಿ ತೆರೆಯಬೇಕು, ಎಷ್ಟು ಎತ್ತರಕ್ಕೆ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬ ಮೂರು ವಿಷಯಗಳನ್ನೂ ತಮ್ಮ ಆಕೃತಿಯಲ್ಲಿಯೇ ಅಡಗಿಸಿಕೊಂಡಿರುತ್ತವೆ. ಕಾರ್ಖಾನೆಯವರು ಕೊಟ್ಟ ಶಾಫ್ಟನ್ನು ತೆಗೆದು, ಹೊರಗಿನ ತಯಾರಕರು ಬೇರೆ ಆಕೃತಿಗೆ ಸಾಣೆ ಹಿಡಿದ ಶಾಫ್ಟನ್ನು ಕೂರಿಸಿದರೆ ಶಕ್ತಿ ಹೆಚ್ಚುವುದೆಂಬ ನಂಬಿಕೆ ಮೋಟಾರುಪ್ರಿಯರಲ್ಲಿ ಬಹುಕಾಲದಿಂದ ಬೇರೂರಿದೆ. ಟರ್ಬೊ ಮೊದಲಾದ ಸಾಧನಗಳ ನೆರವಿಲ್ಲದೆ, ವಾಯುಮಂಡಲದ ಒತ್ತಡವೊಂದನ್ನೇ ನೆಮ್ಮಿ ಉಸಿರಾಡುವ ಎಂಜಿನಿನಲ್ಲಿ ಈ ವೆಚ್ಚ ಸಾರ್ಥಕವೆ? ಈ ಪ್ರಶ್ನೆಗೆ ಅರವತ್ತು ವರ್ಷಗಳ ಹಿಂದೆ ಸಲ್ಲುತ್ತಿದ್ದ ಉತ್ತರ ಇಂದು ಸಲ್ಲದು. ಅದು ಬದಲಾದ ಬಗೆಯನ್ನು ಅರಿಯಬೇಕಾದರೆ ವಾಲ್ವುಗಳ ಕಾಲನಿಯಮ ಬೆಳೆದು ಬಂದ ದಾರಿಯಲ್ಲಿ ಒಮ್ಮೆ ನಡೆದು ನೋಡಬೇಕು.

ಮೊದಲು ತತ್ತ್ವವನ್ನು ತಿಳಿಯೋಣ. ಗಾಳಿಗೂ ತೂಕವುಂಟು, ಓಡುವ ಗಾಳಿಗೆ ಜಡತ್ವವುಂಟು. ಎಂಜಿನು ವೇಗವಾಗಿ ತಿರುಗುವಾಗ, ಪಿಸ್ಟನ್ನು ಕೆಳತುದಿಯನ್ನು ಮುಟ್ಟಿ ಮೇಲಕ್ಕೆ ಹೊರಟ ಮೇಲೆಯೂ, ನುಗ್ಗಿ ಬರುತ್ತಿರುವ ಗಾಳಿ ತನ್ನ ಓಟದ ಬಲದಿಂದಲೇ ಸಿಲಿಂಡರನ್ನು ತುಂಬುತ್ತಿರುತ್ತದೆ. ಆದುದರಿಂದ ಇನ್‌ಲೆಟ್ ವಾಲ್ವನ್ನು ಒಂದು ಮಿತಿಯವರೆಗೆ ತಡವಾಗಿ ಮುಚ್ಚುವುದು ಹೆಚ್ಚಿನ ವೇಗದಲ್ಲಿ ಲಾಭಕರ. ಆದರೆ ಎಂಜಿನು ನಿಧಾನವಾಗಿ ತಿರುಗುವಾಗ ಅದೇ ತಡ ನಷ್ಟಕ್ಕೆ ಕಾರಣವಾಗಿ, ಒಳಗೆ ಬಂದ ಗಾಳಿಯನ್ನು ಪಿಸ್ಟನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ತಳ್ಳಿಬಿಡುತ್ತದೆ. ಎರಡು ವಾಲ್ವುಗಳೂ ಏಕಕಾಲದಲ್ಲಿ ತೆರೆದಿರುವ ಓವರ್‌ಲ್ಯಾಪ್ ಎಂಬ ಅವಧಿಯೂ ಹೀಗೆಯೇ: ವೇಗದಲ್ಲಿ ಅದು ಹಳೆಯ ಹೊಗೆಯನ್ನು ಗುಡಿಸಿ ಹಾಕುತ್ತದೆ, ನಿಧಾನದಲ್ಲಿ ಹೊಗೆಯನ್ನೂ ಹೊಸ ಗಾಳಿಯನ್ನೂ ಬೆರೆಸಿ ಐಡ್ಲಿಂಗನ್ನು ಕೆಡಿಸುತ್ತದೆ. ಶಕ್ತಿಯೆಂದರೆ ಟಾರ್ಕು ಮತ್ತು ವೇಗಗಳ ಗುಣಲಬ್ಧ. 100 ನ್ಯೂಟನ್ ಮೀಟರ್ ಟಾರ್ಕು 3000 ಸುತ್ತಿನಲ್ಲಿ ಸುಮಾರು 31 ಕಿಲೋವ್ಯಾಟ್ ಆದರೆ, ಅದೇ ಟಾರ್ಕನ್ನು 6000 ಸುತ್ತಿನವರೆಗೆ ಕಾಪಾಡಿಕೊಂಡರೆ ಅದು 63 ಕಿಲೋವ್ಯಾಟ್ ಆಗುತ್ತದೆ. ಬದಲಿ ಶಾಫ್ಟು ಮಾಡುವ ಕೆಲಸವೆಲ್ಲ ಇಷ್ಟೇ: ತಗ್ಗಿನ ವೇಗದಲ್ಲಿದ್ದ ಟಾರ್ಕಿನ ಒಂದಂಶವನ್ನು ತೆತ್ತು, ಮೇಲಿನ ವೇಗದಲ್ಲಿ ಟಾರ್ಕು ಕುಸಿಯದಂತೆ ಹಿಡಿದು ನಿಲ್ಲಿಸುವುದು.

1876ರಲ್ಲಿ ಒಟ್ಟೊ ನಾಲ್ಕು ಹೊಡೆತದ ಎಂಜಿನನ್ನು ನಡೆಸಿದ ತರುವಾಯದ ದಶಕಗಳಲ್ಲಿ ಕಾರುಗಳ ಇನ್‌ಲೆಟ್ ವಾಲ್ವುಗಳಿಗೆ ಬಹುಪಾಲು ಕ್ಯಾಮೇ ಇರಲಿಲ್ಲ. ಪಿಸ್ಟನ್ನಿನ ಸೆಳೆತಕ್ಕೆ ತಾವಾಗಿಯೇ ತೆರೆದುಕೊಳ್ಳುತ್ತಿದ್ದ ಆ ವಾಲ್ವುಗಳು ವೇಗವಾದ ಎಂಜಿನಿಗೆ ಸಾಲದಾದುವು. 1901ರ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನಲ್ಲಿ ವಿಲ್ಹೆಲ್ಮ್ ಮೈಬಾಕ್ ಇನ್‌ಲೆಟ್ ವಾಲ್ವುಗಳನ್ನೂ ಕ್ಯಾಮಿನ ಆಳ್ವಿಕೆಗೆ ತಂದನು. 1912ರಲ್ಲಿ ಫ್ರೆಂಚ್ ಗ್ರ್ಯಾನ್ ಪ್ರಿ ಗೆದ್ದ ಪ್ಯೂಜೋ ಕಾರು, ಸಿಲಿಂಡರಿನ ನೆತ್ತಿಯ ಮೇಲೆ ಎರಡು ಕ್ಯಾಮ್ ಶಾಫ್ಟುಗಳನ್ನೂ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳನ್ನೂ ಇಟ್ಟುಕೊಂಡು, ಮುಂದಿನ ನೂರು ವರ್ಷಗಳ ಮಾದರಿಯನ್ನು ಒಂದೇ ಏಟಿಗೆ ಹಾಕಿಕೊಟ್ಟಿತು. ಆದರೆ ಸಾಮಾನ್ಯರ ಕಾರಿಗೆ ಆ ಮಾದರಿ ಇಳಿದು ಬರಲು ಬಹುಕಾಲ ಹಿಡಿಯಿತು. ಬದಲಿ ಶಾಫ್ಟಿನ ಉದ್ಯಮ ಹುಟ್ಟಿದ್ದು ಈ ಅಂತರದಲ್ಲಿಯೇ.

1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ, 65 ಅಶ್ವಶಕ್ತಿಯ ಕಾರನ್ನು ಸಾಮಾನ್ಯ ಅಮೆರಿಕನ್ನನಿಗೆ ಎಟಕುವ ಬೆಲೆಗೆ ಮಾರತೊಡಗಿತು. ಹಳೆಯದಾದ ಈ ಕಾರುಗಳನ್ನು ಕೊಂಡು, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಗಟ್ಟಿ ನೆಲದ ಮೇಲೆ ಓಡಿಸಿ ವೇಗದ ಪಂದ್ಯ ಕಟ್ಟುತ್ತಿದ್ದ ಯುವಕರಿಗೆ, ಲಾಸ್ ಏಂಜಲಿಸ್ ಪ್ರದೇಶದ ಎಡ್ ವಿನ್‌ಫೀಲ್ಡ್ ಸಾಣೆ ಹಿಡಿದ ಶಾಫ್ಟುಗಳು ಅಪೂರ್ವ ವಸ್ತುಗಳಾಗಿದ್ದುವು. ಅವನಿಂದ ವಿದ್ಯೆ ಕಲಿತ ಎಡ್ ಇಸ್ಕೆಂಡೇರಿಯನ್ ಎರಡನೆಯ ಮಹಾಯುದ್ಧದ ತರುವಾಯ ತನ್ನದೇ ಸಾಣೆಯಂತ್ರವನ್ನು ಹೂಡಿ ಈ ಕಸಬನ್ನು ಉದ್ಯಮವಾಗಿ ಬೆಳೆಸಿದನು. ಅವರ ಶ್ರಮ ಫಲಿಸಿದುದಕ್ಕೆ ಕಾರಣ ಸ್ಪಷ್ಟ. ಯಾವ ಚಾಲಕನ ಕೈಗೆ ಕೊಟ್ಟರೂ, ಯಾವ ಕಳಪೆ ಪೆಟ್ರೋಲು ಹಾಕಿದರೂ ನಡೆಯಬೇಕೆಂದು ಕಾರ್ಖಾನೆಯವರು ವಾಲ್ವುಗಳ ಅವಧಿಯನ್ನು ಬಹಳ ಸಂಕೋಚವಾಗಿ ಇಟ್ಟಿದ್ದರು. ಆ ಸಂಕೋಚವೇ ಸಾಣೆಗಾರನ ಬಂಡವಾಳವಾಯಿತು.

ಕಾಲಕ್ರಮದಲ್ಲಿ ಕಾರ್ಖಾನೆಯವರೂ ಈ ಪಾಠವನ್ನು ಕಲಿತರು. ಜೋರಾ ಆರ್ಕಸ್-ಡಂಟೋವ್ ರೂಪಿಸಿದ ಕ್ಯಾಮು ಮತ್ತು ಇಂಧನ ಇಂಜೆಕ್ಷನ್ ಕೂಡಿದ 1957ರ ಷೆವರ್ಲೆ ಕಾರ್ವೆಟ್ ಎಂಜಿನು 283 ಘನ ಅಂಗುಲಕ್ಕೆ 283 ಅಶ್ವಶಕ್ತಿಯನ್ನು ಕೊಟ್ಟಿತು. ಇಂಗ್ಲೆಂಡಿನಲ್ಲಿ 1951ರ ಆಸ್ಟಿನ್ ಎ30 ಕಾರಿನೊಡನೆ ಬಂದು, ಮುಂದೆ ಮಿನಿ ಕಾರಿಗೂ ಪ್ರಾಣವಾದ ಬಿಎಂಸಿ ಎ-ಸೀರೀಸ್ ಎಂಜಿನು ಈ ವಿದ್ಯೆಯ ಪಾಠಶಾಲೆಯೇ ಆಯಿತೆನ್ನಬಹುದು. ಅದರ ಸಾಧಾರಣ ಶಾಫ್ಟು ವಾಲ್ವನ್ನು 230 ಡಿಗ್ರಿಗಳಷ್ಟು ತೆರೆದಿಟ್ಟರೆ, 649 ಎಂಬ ಸಂಖ್ಯೆಯಿಂದ ಹೆಸರಾದ ಪಂದ್ಯದ ಶಾಫ್ಟು 300 ಡಿಗ್ರಿಗಳಷ್ಟು ತೆರೆದಿಡುತ್ತಿತ್ತು. ಇಂಥ ಶಾಫ್ಟು ಪಂದ್ಯದ ಕಾರಿಗೆ ವರವಾದರೂ ಪೇಟೆಯ ಓಡಾಟಕ್ಕೆ ಶಾಪವಾಗಿತ್ತು. ವಾಲ್ವು ತಡವಾಗಿ ಮುಚ್ಚುವುದರಿಂದ ಕಂಪ್ರೆಷನ್ನಿನ ಒಂದು ಪಾಲು ಸೋರಿಹೋಗುತ್ತದೆ. ಅದನ್ನು ತುಂಬಿಕೊಡಲು ಕಂಪ್ರೆಷನ್ ಅನುಪಾತವನ್ನು ಏರಿಸಬೇಕು, ಹೆಡ್ಡಿನ ಗಾಳಿದಾರಿಗಳನ್ನು ಅಗಲಿಸಬೇಕು, ಗಡುಸಾದ ವಾಲ್ವ್ ಸ್ಪ್ರಿಂಗುಗಳನ್ನು ಹಾಕಬೇಕು, ಕಾರ್ಬ್ಯುರೇಟರನ್ನೂ ಸೈಲೆನ್ಸರನ್ನೂ ಬದಲಿಸಬೇಕು. ಈ ಪರಿವಾರವಿಲ್ಲದೆ ಒಂಟಿಯಾಗಿ ಬಂದ ಶಾಫ್ಟು ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು ಎಂಬ ಅರಿವು ಆ ಪೀಳಿಗೆಯ ಮುಖ್ಯ ಸಂಪಾದನೆ.

ಅದಕ್ಕೆ ಸಮನಾದ ಇನ್ನೊಂದು ಸಂಪಾದನೆ, ಶಾಫ್ಟನ್ನು ಅಳೆದು ಕೂರಿಸುವ ಶಿಸ್ತು. ಗ್ಯಾರೇಜಿನಲ್ಲಿ ಈ ಕೆಲಸ ನಡೆಯುವ ಬಗೆ ಹೀಗೆ: ಕ್ರ್ಯಾಂಕಿನ ತುದಿಗೆ ಡಿಗ್ರಿಗಳನ್ನು ಕೊರೆದ ತಟ್ಟೆಯನ್ನು ಬಿಗಿದು, ಪಿಸ್ಟನ್ನಿನ ಮೇಲ್ತುದಿಯನ್ನು ನಿಖರವಾಗಿ ಗುರುತಿಸಿಕೊಂಡು, ಒಂದನೆಯ ಸಿಲಿಂಡರಿನ ಇನ್‌ಲೆಟ್ ಟ್ಯಾಪೆಟ್ಟಿನ ಮೇಲೆ ಡಯಲ್ ಗೇಜಿನ ಮುಳ್ಳನ್ನು ಊರುತ್ತಾರೆ. ಉಬ್ಬಿನ ನೆತ್ತಿಯಲ್ಲಿ ಮುಳ್ಳು ಕೆಲವು ಡಿಗ್ರಿಗಳವರೆಗೆ ಅಲುಗದೆ ನಿಲ್ಲುವುದರಿಂದ ನೆತ್ತಿಯನ್ನು ನೇರವಾಗಿ ಹಿಡಿಯಲು ಬರುವುದಿಲ್ಲ. ಆದಕಾರಣ ನೆತ್ತಿಗಿಂತ ಒಂದೇ ಪ್ರಮಾಣದಷ್ಟು ಕೆಳಗೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ತಟ್ಟೆಯ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಅವು 66 ಮತ್ತು 150 ಆದರೆ ಮಧ್ಯಬಿಂದು 108 ಡಿಗ್ರಿ. ತಯಾರಕನು ಕೊಟ್ಟ ಚೀಟಿಯಲ್ಲಿ 106 ಎಂದಿದ್ದರೆ ಶಾಫ್ಟು ಎರಡು ಡಿಗ್ರಿ ಹಿಂದೆ ಬಿದ್ದಿದೆಯೆಂದು ಅರ್ಥ. 40 ಹಲ್ಲಿನ ಕ್ಯಾಮ್ ಚಕ್ರದಲ್ಲಿ ಒಂದು ಹಲ್ಲು ಸರಿಸಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿಗಳಷ್ಟು ವ್ಯತ್ಯಾಸವಾಗುವುದರಿಂದ, ಈ ಎರಡು ಡಿಗ್ರಿಯನ್ನು ಸರಿಪಡಿಸಲು ಹೊಂದಿಸಬಲ್ಲ ಚಕ್ರವೇ ಬೇಕು. ಈ ತಾಳ್ಮೆಯಿಲ್ಲದೆ ಕೂರಿಸಿದ ಶಾಫ್ಟಿನ ಗುಣದೋಷಗಳನ್ನು ಕುರಿತು ಯಾರು ಏನು ಹೇಳಿದರೂ ಅದು ಪ್ರಮಾಣವಾಗಲಾರದು.

1980ರ ಅನಂತರ ಈ ಕಥೆ ದಿಕ್ಕು ಬದಲಿಸಿತು. ಆ ವರ್ಷ ಆಲ್ಫಾ ರೋಮಿಯೋ ತನ್ನ ಸ್ಪೈಡರ್ ಕಾರಿನಲ್ಲಿ, ಚಲಿಸುತ್ತಿರುವಾಗಲೇ ವಾಲ್ವುಗಳ ಕಾಲವನ್ನು ಬದಲಿಸುವ ಏರ್ಪಾಡನ್ನು ತಂದಿತು. 1989ರಲ್ಲಿ ಹೋಂಡಾ ಕಂಪನಿಯ ಇಂಟೆಗ್ರಾ ಕಾರು, ತಗ್ಗಿನ ವೇಗಕ್ಕೆ ಒಂದು ಉಬ್ಬು, ಮೇಲಿನ ವೇಗಕ್ಕೆ ಇನ್ನೊಂದು ಉಬ್ಬು ಎಂದು ಒಂದೇ ಶಾಫ್ಟಿನಲ್ಲಿ ಎರಡು ಸ್ವಭಾವಗಳನ್ನು ಕೂಡಿಸಿಕೊಂಡ ವಿಟೆಕ್ ಎಂಜಿನಿನೊಡನೆ ಬಂದು, 1.6 ಲೀಟರಿಗೆ 160 ಅಶ್ವಶಕ್ತಿಯನ್ನು ತೋರಿಸಿತು. ಹತ್ತು ವರ್ಷಗಳ ಮೇಲೆ ಜಪಾನಿನಲ್ಲಿ ಮಾರಾಟವಾದ ಅದೇ ಕಂಪನಿಯ ಎಸ್2000 ಕಾರು ಎರಡು ಲೀಟರಿಗೆ 250 ಅಶ್ವಶಕ್ತಿಯನ್ನು ಮುಟ್ಟಿತು. ಸಾಣೆಗಾರನು ಯಾವ ತ್ಯಾಗವನ್ನು ಅನಿವಾರ್ಯವೆಂದು ತಿಳಿದಿದ್ದನೋ ಆ ತ್ಯಾಗವೇ ಬೇಡವಾಯಿತು. ಇಂದು ಸ್ವಿಫ್ಟಿನಂಥ ಸಾಧಾರಣ ಕಾರಿನಲ್ಲಿಯೂ ವಿವಿಟಿ ಎಂಬ ಏರ್ಪಾಡು ಸಹಜವಾಗಿದೆ. ಕಾರ್ಖಾನೆಯವರು ಬಿಟ್ಟುಕೊಟ್ಟಿದ್ದ ಅವಕಾಶವೆಲ್ಲ ಹೀಗೆ ಅವರ ಕೈಯಿಂದಲೇ ಭರ್ತಿಯಾದ ಮೇಲೆ, ಹೊರಗಿನವನಿಗೆ ಉಳಿದದ್ದು ಇಳುವರಿಯಲ್ಲಿ ಕಿರಿದು, ವೆಚ್ಚದಲ್ಲಿ ಹಿರಿದು.

ವೆಚ್ಚವೆಂದರೆ ಶಾಫ್ಟಿನ ಬೆಲೆ ಮಾತ್ರವಲ್ಲ. ಇಂಜೆಕ್ಷನ್ ಎಂಜಿನಿನಲ್ಲಿ, ಅದನ್ನು ನಿಯಂತ್ರಿಸುವ ಇಸಿಯು ಎಂಬ ಗಣಕದ ಲೆಕ್ಕಗಳನ್ನು ಹೊಸದಾಗಿ ಬರೆಯಿಸಬೇಕು. ವಾಲ್ವು ಪಿಸ್ಟನ್ನಿಗೆ ತಗುಲದಂತೆ ಎಡೆಯನ್ನು ಅಳೆಯಬೇಕು. ಅಗ್ಗದ ದಾರಿಯೆಂದು ಹಳೆಯ ಶಾಫ್ಟನ್ನೇ ಮರುಸಾಣೆ ಹಿಡಿಸುವವರು, ಮೇಲ್ಮೈಯ ಗಟ್ಟಿ ಪದರ ಸವೆದುಹೋದೀತೆಂಬ ಅಪಾಯವನ್ನು ನೆನಪಿನಲ್ಲಿಡಬೇಕು. ಓವರ್‌ಲ್ಯಾಪ್ ಹೆಚ್ಚಿದರೆ ಸುಡದ ಪೆಟ್ರೋಲು ಹೊಗೆಯಲ್ಲಿ ಸೇರುವುದರಿಂದ, ಐಡ್ಲಿಂಗಿನಲ್ಲಿಯೇ ನಡೆಯುವ ಹೊಗೆ ತಪಾಸಣೆಯಲ್ಲಿ ಕಾರು ಸೋಲಬಹುದು. ಅದು ಮಾಲೀಕನೊಬ್ಬನ ನಷ್ಟವಾಗಿ ಮುಗಿಯದೆ ಬೀದಿಯಲ್ಲಿ ಉಸಿರಾಡುವವರೆಲ್ಲರ ನಷ್ಟವೂ ಆಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತರಲ್ಲೊಂದು ಪಾಲು ಕಡಿಮೆಯಾದ್ದರಿಂದ, ಟರ್ಬೊ ಇಲ್ಲದ ಎಂಜಿನು ಹೆಚ್ಚುಕಡಮೆ ಅಷ್ಟೇ ಪಾಲು ಶಕ್ತಿಯನ್ನು ಇಲ್ಲಿ ಕಳೆದುಕೊಂಡಿರುತ್ತದೆ. ತೆಳುವಾದ ಗಾಳಿಯನ್ನು ಯಾವ ಕ್ಯಾಮೂ ದಪ್ಪಗೊಳಿಸಲಾರದು.

ಹಾಗಾದರೆ ಸಾರ್ಥಕತೆ ಎಲ್ಲಿದೆ? ಪ್ರೀಮಿಯರ್ ಪದ್ಮಿನಿ, ಅಂಬಾಸಡರ್‌ಗಳಂಥ ಹಳೆಯ ಪುಷ್‌ರಾಡ್ ಎಂಜಿನುಗಳಲ್ಲಿ, ಹೆಡ್ಡನ್ನೂ ಕಂಪ್ರೆಷನ್ನನ್ನೂ ಹೇಗಿದ್ದರೂ ಸರಿಪಡಿಸುತ್ತಿರುವಾಗ, ಅವಧಿಯಲ್ಲಿ ಮಿತವಾಗಿ ಹೆಚ್ಚಿದ ಶಾಫ್ಟು ನಿಶ್ಚಯವಾಗಿಯೂ ಗುಣಕಾರಿ. ಎಂಜಿನನ್ನು ಸದಾ ಮೇಲಿನ ವೇಗದಲ್ಲಿಯೇ ದುಡಿಸುವ ಪಂದ್ಯದ ಕಾರಿಗೆ ಅದು ಅನಿವಾರ್ಯ. ಆದರೆ ಬೆಳಗಿನಿಂದ ಸಂಜೆಯವರೆಗೆ ಸಿಗ್ನಲಿನಿಂದ ಸಿಗ್ನಲಿಗೆ 1500ರಿಂದ 3000 ಸುತ್ತುಗಳ ನಡುವೆಯೇ ಬಾಳುವ, ನಾಲ್ಕು ವಾಲ್ವು ಮತ್ತು ವಿವಿಟಿ ಉಳ್ಳ ಇಂದಿನ ಕಾರಿನಲ್ಲಿ, ನಾವು ಬಳಸುವ ಟಾರ್ಕನ್ನು ತೆತ್ತು ನಾವೆಂದೂ ಮುಟ್ಟದ ವೇಗದ ಶಕ್ತಿಯನ್ನು ಕೊಳ್ಳುವ ವ್ಯಾಪಾರ ವಿವೇಕದ್ದಲ್ಲ. ಆದುದರಿಂದ ಶಾಫ್ಟನ್ನು ಆರಿಸಲು ಹೊರಟವನು ಮಾರಾಟಗಾರನ ಅಶ್ವಶಕ್ತಿಯ ಅಂಕಿಯನ್ನು ಬದಿಗಿಟ್ಟು, ತನ್ನ ಎಂಜಿನು ದಿನದ ಬಹುಭಾಗವನ್ನು ಯಾವ ವೇಗದಲ್ಲಿ ಕಳೆಯುತ್ತದೆ ಎಂಬುದನ್ನು ಮೊದಲು ಗಮನಿಸಲಿ. ಹೊಸ ಶಾಫ್ಟಿನ ಲಾಭ ಆ ವೇಗದಲ್ಲಿ ದೊರೆಯುವಂತಿದ್ದರೆ ಕೊಳ್ಳಲಿ, ಇಲ್ಲವಾದರೆ ಅದೇ ಹಣವನ್ನು ಎಂಜಿನಿನ ಆರೋಗ್ಯಕ್ಕೂ ಒಳ್ಳೆಯ ಟೈರು ಬ್ರೇಕುಗಳಿಗೂ ವಿನಿಯೋಗಿಸಲಿ.