ಶೋರೂಮ್‌ಗಳಿಗೆ ಬೀಗ ಬಿದ್ದ ಕಾಲ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರು ಹೊಸ ಕಾರಿಗೆ ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡದ ದಾರಿ ಹಿಡಿಯುತ್ತಾರೆ. ಪ್ರವಾಸಿಗರನ್ನು ನಂಬಿ ಸಾಲದಲ್ಲಿ ಗಾಡಿ ಕೊಳ್ಳುವವರೂ ಇಲ್ಲಿದ್ದಾರೆ. ದೂರದ ಶೋರೂಮಿನ ಕಷ್ಟ ನಮ್ಮದಲ್ಲ ಎನ್ನುವಂತಿಲ್ಲ.

ಡೀಲರ್‌ಗಳ ಒಕ್ಕೂಟ ಫಾಡಾ ಪ್ರಕಾರ, 2019ರ ಏಪ್ರಿಲ್‌ವರೆಗಿನ 18 ತಿಂಗಳಲ್ಲಿ ದೇಶದಲ್ಲಿ 286 ಶೋರೂಮ್‌ಗಳು ಮುಚ್ಚಿದವು. ನಂತರದ ಮೂರೇ ತಿಂಗಳಲ್ಲಿ ಸುಮಾರು 2 ಲಕ್ಷ ಜನ ಕೆಲಸ ಕಳೆದುಕೊಂಡರು.

2018ರ ಸೆಪ್ಟೆಂಬರ್‌ನಲ್ಲಿ ಐಎಲ್‌ಆ್ಯಂಡ್‌ಎಫ್‌ಎಸ್ ಸಾಲ ತೀರಿಸಲಾಗದೆ ಕುಸಿದಿತ್ತು. ಫೈನಾನ್ಸ್ ಕಂಪನಿಗಳು ಕೈ ಬಿಗಿ ಹಿಡಿದವು. ಅದೇ ತಿಂಗಳಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕಾಯಿತು. 2019ರ ಜುಲೈನಲ್ಲಿ ಪ್ರಯಾಣಿಕ ವಾಹನಗಳ ಮಾರಾಟ ಹಿಂದಿನ ಜುಲೈಗಿಂತ ಶೇ 31ರಷ್ಟು ಇಳಿಯಿತು.

ಈ 'ಮಾರಾಟ' ಎಂಬ ಮಾತನ್ನು ಎಚ್ಚರದಿಂದ ಓದಬೇಕು. ಗಾಡಿ ಡೀಲರ್ ಕಡೆಗೆ ಹೊರಟರೆ ಸಾಕು, ಕಂಪನಿಯ ಪುಸ್ತಕದಲ್ಲಿ ಅದು ಮಾರಾಟ. ಡೀಲರ್‌ಗೆ ಮಾತ್ರ ಅದು ಬ್ಯಾಂಕಿನ ಸಾಲ. ಗಾಡಿ ಯಾರ್ಡಿನಲ್ಲಿ ನಿಂತಷ್ಟು ದಿನ ಬಡ್ಡಿ ಏರುತ್ತದೆ. ಕಟ್ಟಡದ ಬಾಡಿಗೆ, ಹುಡುಗರ ಸಂಬಳ ಬೇರೆ. ಮಂದಗತಿಯ ಹೊರೆ ಮೊದಲು ಬಿದ್ದದ್ದು ಇವರ ಹೆಗಲಿಗೆ.

ಅದರ ಮೇಲೆ ಬಿಎಸ್-6 ನಿಯಮ. ಹಳೆಯ ಬಿಎಸ್-4 ಗಾಡಿಗಳನ್ನು 2020ರ ಮಾರ್ಚ್ 31ರೊಳಗೆ ಖಾಲಿ ಮಾಡಬೇಕಿತ್ತು. ಗಡುವಿಗೆ ವಾರವಿರುವಾಗ, 25ರಂದು, ಲಾಕ್‌ಡೌನ್ ಬಂತು.